ಕತ್ತರಿಸದ ಎಳೆ

ಬೆಟಗೇರಿಯ ಆ ಓಣಿಗೆ ಇನ್ನು ಕಾಲಿಡುವುದಿಲ್ಲ ಎಂದು ಮನೋಹರ ಕಳೆದ ವಾರವೇ ಆಣೆ ಮಾಡಿದ್ದ. ಆದರೂ ಲಕ್ಷ್ಮೇಶ್ವರದ ತನ್ನ ಕಂಪ್ಯೂಟರ್ ರಿಪೇರಿ ಅಂಗಡಿಗೆ ಬೀಗ ಜಡಿದು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಉರಿಬಿಸಿಲಲ್ಲಿ ಬಸ್ಸು ಹಿಡಿದು ಬಂದೇ ಬಿಟ್ಟ.

ಸೌಂದರ್ಯಾಳದು ನೇಕಾರರ ಮನೆ; ಒಳಗೆ ತಾಯಿ ಮಗ್ಗದಲ್ಲಿ ನೇಯುತ್ತಿದ್ದರೆ, ಅವಳು ಪಡಸಾಲೆಯಲ್ಲೇ ಸೀರೆ ವ್ಯಾಪಾರ ನಡೆಸುವವಳು. ಅವಳ ಹಳೆಯ ಡೇಟಾಬೇಸ್ ಸಾಫ್ಟ್‌ವೇರನ್ನು ಅವನೇ ಅನ್‌ಇನ್‌ಸ್ಟಾಲ್ ಮಾಡಿದ್ದ. ಹಿಂದೆ ಉಳಿದ, ತೆರೆಮರೆಯಲ್ಲಿ ತಾನೇ ಓಡುವ ಅದರ ಸರ್ವಿಸ್ ಎಂಬ ತುಣುಕನ್ನು ನಿಲ್ಲಿಸಿ ಡಿಲೀಟ್ ಮಾಡಿ ಎಂದು ಫೋನಿನಲ್ಲಿ ಬಿಡಿಸಿ ಬಿಡಿಸಿ ಹೇಳಿದ್ದ. ಆದರೆ ಕಂಪ್ಯೂಟರ್ ಚಾಲೂ ಮಾಡಿದರೆ ಸಾಕು, ಆ ಪೀಡೆ ಒಳಗೊಳಗೇ ಎದ್ದು ಕೂರುತ್ತಿತ್ತು. ಹೊಸ ಸಾಫ್ಟ್‌ವೇರನ್ನು ಹತ್ತಿರ ಸೇರಿಸುತ್ತಿರಲಿಲ್ಲ.

"ಮತ್ತ ನಡದೈತಲ್ರಿ ಇದು. ಡಿಲೀಟ್ ಮಾಡ್ರಿ ಅಂದಿದ್ನಿಲ್ಲ?" ಅಂದ ಮನೋಹರ, ಪರದೆ ನೋಡುತ್ತ.

"ನಿಲ್ಲಿಸಿದ್ನಿರಿ. ಡಿಲೀಟ್ ಮಾಡಲಿಲ್ಲ."

"ಯಾಕ್ರಿ?"

ಅವಳು ಹಣೆಯ ಮೇಲಿನ ಕೂದಲು ಸರಿಸಿ, ಓರೆಗಣ್ಣಲ್ಲಿ ನೋಡಿ ನಕ್ಕಳು. ಮನೋಹರನ ಅರ್ಧ ಸಿಟ್ಟು ಅಲ್ಲೇ ಇಳಿಯಿತು. ತನ್ನನ್ನು ಕರೆಸಿಕೊಳ್ಳಲೆಂದೇ ಬಿಟ್ಟಿದ್ದಾಳೆಯೇ? ಬಸ್ಸಿನುದ್ದಕ್ಕೂ ಅವನು ಬೇಡಿಕೊಂಡದ್ದು ಅದನ್ನೇ.

"ಮಗ್ಗದಾಗ ಸೀರಿ ಮುಗದ್ರ ಹಳೆ ಹಾಸಿನ ಉದ್ದನ ಎಳಿ ಪೂರಾ ತಗಿಯಂಗಿಲ್ರಿ. ತುದಿ ಬಿಟ್ಟು, ಹೊಸ ಎಳಿ ಅದಕ್ಕ ಗಂಟ ಹಾಕತೀವಿ. ಹೊಸ ಸಾಫ್ಟ್‌ವೇರೂ ಹಂಗ ಕೂಡತೈತಿ ಅಂತ ಬಿಟ್ಟಿದ್ನಿ."

ಅವನ ಆಸೆಗೆ ತಣ್ಣೀರು ಬಿತ್ತು.

"ಇದು ಮಗ್ಗ ಅಲ್ರಿ ಸೌಂದರ್ಯಾ ಅವರ. ಇಲ್ಲಿ ಹಳೇದು ಪೂರಾ ಹೋದ್ರನ ಹೊಸದು ಬರೋದು."

"ಹಂಗಂತ ಆವತ್ತ ಹೇಳಬೇಕಿತ್ತಿಲ್ರಿ. ಬರೇ ಡಿಲೀಟ್ ಡಿಲೀಟ್ ಅಂತ ಒದರಿದ್ರಿ."

ಮಾತಿಗೆ ಮಾತು ಬೆಳೆಸುವ ಬದಲು ಅವನು ಕೀಲಿಗಳನ್ನು ಕುಟ್ಟತೊಡಗಿದ. ಸರ್ವಿಸ್ ನಿಲ್ಲಿಸಿದ, ಡಿಲೀಟ್ ಮಾಡಿದ, ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿದ. ಈ ಸಲ ಅದರ ಸುಳಿವಿಲ್ಲ. ಹೊಸ ಸಾಫ್ಟ್‌ವೇರ್ ಒಳ್ಳೆಯ ಸೊಸೆಯ ಹಾಗೆ ಸದ್ದಿಲ್ಲದೆ ಒಳಗೆ ಬಂತು. ಕೆಲಸ ಇಷ್ಟು ಚೆನ್ನಾಗಿ ಆದದ್ದಕ್ಕೆ ಮನೋಹರನಿಗೆ ಅಳು ಬರುವಂತಾಯಿತು. ನಾಳೆಯಿಂದ ಈ ಹೊಸ್ತಿಲು ತುಳಿಯಲು ಅವನಿಗೆ ನೆಪವೇ ಇರಲಿಲ್ಲ.

"ಆತ್ರಿ," ಅಂದ, ಬ್ಯಾಗಿನ ಜಿಪ್ ಎಳೆಯುತ್ತ. "ಇನ್ನ ನಾ ಬರೋ ಕೆಲಸ ಇಲ್ಲ."

ಸೌಂದರ್ಯಾಳ ನಗು ಮಾಯವಾಯಿತು. ಈಗ ರೇಗಿದ್ದು ಅವಳಿಗೆ.

"ಕಂಪ್ಯೂಟರ್ ಕೆಟ್ರ ಅಷ್ಟ ಬರತೀರೇನು? ಬರತೇನಿ ಅಂತ ನಿಮ್ಮ ಫೋನ್ ಬಂದ ದಿನ ನಾ ಕೆಲಸ ಬಿಟ್ಟು ಅಂಗಳದಾಗ ನಿಂದರತೇನಿ. ಇಷ್ಟ ದಿನ ಬಂದು ಹೋದ್ರಿ, ಒಂದ ಸಲಾನೂ ನನ್ನ ಮಾರಿ ನೋಡಿ ಮಾತಾಡಲಿಲ್ಲ. ಎಲ್ಲಾ ಆ ಡಬ್ಬಿ ನೋಡಿನ."

ಒಳಗಿನ ಮಗ್ಗದ ಸದ್ದು ನಿಂತಿತು. ಅಲ್ಲಿ ನೇಯುತ್ತಿದ್ದವಳು ಅವಳ ತಾಯಿ ಚೌಡವ್ವ.

ಮನೋಹರ ಮೊದಲ ಸಲ ನೆಟ್ಟಗೆ ಅವಳ ಕಣ್ಣು ನೋಡಿದ. ಬ್ಯಾಗನ್ನು ಮತ್ತೆ ಕೆಳಗಿಟ್ಟ.

"ನೋಡಿದ್ರ ಕೆಲಸ ತಪ್ಪತಿತ್ರಿ. ಅದಕ್ಕ ನೋಡಲಿಲ್ಲ. ಬರಬೇಕಂತ ಭಾಳ ಐತಿ. ಏನಂತ ಹೇಳಿ ಬರಲಿ?"

"ಏನೂ ಹೇಳಬ್ಯಾಡ್ರಿ," ಅವಳ ದನಿ ಇಳಿಯಿತು. "ನಿಮ್ಮ ಅವ್ವನ್ನ ಕರಕೊಂಡ ಬರ್ರಿ."

ಒಳಗಿನಿಂದ ಚೌಡವ್ವ ಬೇಸತ್ತ ದನಿಯಲ್ಲಿ ಕೂಗಿದಳು: "ಜಲ್ದಿ ಕರಕೊಂಡ ಬಾರಪಾ. ನೀ ಬರತಿ ಅಂದ ದಿನ ಈಕಿ ಒಂದ ಕೆಲಸಾನೂ ನೆಟ್ಟಗ ಮಾಡವಲ್ಲಳು."

ಮಗ್ಗ ಮತ್ತೆ ಶುರುವಾಯಿತು.