ನಂದಕುಮಾರ್ ಹಿಡಿದ ಕಳ್ಳರು

ಕಳ್ಳರೇ ಬರದಿದ್ದರೆ ಅದು ಕಾವಲುಗಾರನ ತಪ್ಪೇ? ನಂದಕುಮಾರ್ ಇದನ್ನೇ ಮತ್ತೆಮತ್ತೆ ಕೇಳಿಕೊಳ್ಳುತ್ತಿದ್ದ. ಹೆಬ್ಬಾಳದ ಆಫೀಸಿನಲ್ಲಿ ಅವನದು ಕಂಪನಿಗಳ ಹೆಸರು ಕಾಯುವ ಕೆಲಸ. ಯಶವಂತಪುರದ ಮಲ್ಲಿಗೆಬನ ಅಗರಬತ್ತಿಯವರ ಹೆಸರನ್ನು ಯಾರಾದರೂ ಒಂದಕ್ಷರ ತಿರುಚಿ ಇಂಟರ್‌ನೆಟ್ಟಿನಲ್ಲಿ ವಿಳಾಸ ಮಾಡಿಕೊಂಡರೆ, ಆ ನಕಲಿ ಡೊಮೇನ್ ಹುಡುಕಿ ರದ್ದು ಮಾಡಿಸಬೇಕು. ಆರು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದ. 2014ರ ಕೊನೆಗೆ ಮ್ಯಾನೇಜರ್ ಬಾಲರಾಜು ಕರೆದು, ವರ್ಷಕ್ಕೆ ನಾಲ್ಕು ನಕಲಿ ಹಿಡಿಯುವುದಕ್ಕೆ ಒಬ್ಬ ಆಳು ಬೇಕೇ ಎಂದು ಮೇಲಿನವರು ಕೇಳುತ್ತಿದ್ದಾರೆ, ಮಾರ್ಚ್‌ವರೆಗೆ ನೋಡೋಣ ಎಂದರು. ಕೊಡಿಗೇಹಳ್ಳಿಯಲ್ಲಿ ಮಾವ ಮುನಿಗಂಗಪ್ಪನ ಮನೆಯ ಮಹಡಿಯಲ್ಲೇ ಅವನ ಸಂಸಾರ. ಕೆಲಸ ಹೋದರೆ ಮಾವ ದಿನಾ ಮೆಟ್ಟಿಲ ಬುಡದಲ್ಲಿ ಕೂತು ಏನ್ ಸಮಾಚಾರ ಎಂದು ಕೇಳುತ್ತಾರೆ. ಅಯ್ಯೋ, ಆ ಮರ್ಯಾದೆ ಯಾರಿಗೂ ಬೇಡ.

ಕಳ್ಳರಿಲ್ಲದಿದ್ದರೆ ಏನಂತೆ, ತಾನೇ ಹುಟ್ಟಿಸಿದರಾಯಿತು. ನಕಲಿ ವಿಳಾಸ ತಾನೇ ನೋಂದಾಯಿಸುವುದು, ತಾನೇ ಹಿಡಿಯುವುದು.

ಕಳ್ಳರು ಹೇಗೆ ಸಿಕ್ಕಿಬೀಳುತ್ತಾರೆಂದು ಅವನಷ್ಟು ಬಲ್ಲವರು ಯಾರು? ಹೊಸಬರಿಗೆ ಪಾಠ ಹೇಳುತ್ತಿದ್ದವನೇ ಅವನು. ಮೊದಲನೆಯದು ಹೆಸರು. ಮಾಸ್ಕೋದಲ್ಲಿ ಇಗೋರ್ ಹುಟ್ಟಿದ, ಮನಿಲಾದಲ್ಲಿ ಪೆದ್ರೊ, ಆಮೇಲೆ ಒಂದು ಊರಿಗೇ ಆಗುವಷ್ಟು ಜನ. ಒಬ್ಬೊಬ್ಬನಿಗೂ ಬೇರೆ ಇಮೇಲ್. ನಗದು ಕೊಟ್ಟು ಕೊಂಡ ಪ್ರೀಪೇಯ್ಡ್ ಕಾರ್ಡು, ಒಂದು ಅಂಗಡಿಗೆ ಎರಡನೇ ಸಲ ಹೋಗಲಿಲ್ಲ. ಸೈಬರ್ ಸೆಂಟರಿನಲ್ಲಿ ಗುರುತಿನ ಚೀಟಿ ಕೇಳುತ್ತಾರೆ, ಹಾಗಾಗಿ ಹೆಬ್ಬಾಳ ಕೆರೆಯ ಬೇಲಿಗೆ ಒರಗಿ ನಿಂತು, ಮೊಬೈಲಿನಲ್ಲೇ, ವಿದೇಶದ ಸರ್ವರ್ ಸುತ್ತಿಕೊಂಡು ಬರುವ ಸಂಪರ್ಕದಲ್ಲಿ ಕೆಲಸ ಮುಗಿಸುತ್ತಿದ್ದ. ಒಂದೇ ಹೊತ್ತಿಗೆ ನೋಂದಾಯಿಸುವವನು ದಡ್ಡ. ಇವನ ಇಗೋರ್ ಒಂದು ದಿನ ಬೆಳಿಗ್ಗೆ ಎದ್ದರೆ ಇನ್ನೊಂದು ದಿನ ಸಂಜೆ ಏಳುತ್ತಿದ್ದ. ಹಿಡಿಯುವುದೂ ಅಷ್ಟೇ, ಒಬ್ಬನನ್ನು ಮೂರು ದಿನಕ್ಕೆ, ಒಬ್ಬನನ್ನು ಹದಿನೈದು ದಿನಕ್ಕೆ.

ಒಂದು ವರ್ಷಕ್ಕೆ ಅರವತ್ಮೂರು ನಕಲಿ. ಬಾಲರಾಜು ಅವನನ್ನು ಟೀಮ್ ಲೀಡರ್ ಮಾಡಿ ಶಾಲು ಹೊದಿಸಿದರು. ಮುನಿಗಂಗಪ್ಪ ಹಾಲಿನ ಬೂತಿನ ಮುಂದೆ ನಿಂತು, “ನಮ್ಮಳಿಯ ರಷ್ಯಾದೋರನ್ನೇ ಇಡೀತಾನೆ ಕಣ್ಲಾ” ಎಂದು ಕಂಡಕಂಡವರಿಗೆ ಹೇಳಿದರು. ನಂದಕುಮಾರ್‌ಗೆ ನಿಜಕ್ಕೂ ಹೆಮ್ಮೆಯಾಯಿತು. ಇಗೋರನ ಮೇಲೆ ಒಂದಿಷ್ಟು ಸಿಟ್ಟೂ ಬಂತು.

ಇಷ್ಟೊಂದು ಕಳ್ಳರನ್ನು ಕಂಡು ಮಲ್ಲಿಗೆಬನದ ಮಾಲೀಕರು ಹೆದರಿದರು. ಪೊಲೀಸರಿಗೆ ದೂರು ಕೊಡಬೇಕೆಂದು ತಮ್ಮ ವಕೀಲೆ ಕಲಾವತಿಯನ್ನು ಕಳಿಸಿದರು. ನಂದಕುಮಾರ್ ಒಂದಿಷ್ಟೂ ಅಳುಕಲಿಲ್ಲ. ಹೆಸರು, ಕಾರ್ಡು, ಊರು, ಎಲ್ಲ ಕಡೆಯೂ ಗೋಡೆ ಕಟ್ಟಿಟ್ಟಿದ್ದ. ಅರವತ್ಮೂರೂ ನೋಂದಣಿಯ ಪಟ್ಟಿಯನ್ನು ತಾನೇ ಮುದ್ರಿಸಿಕೊಟ್ಟ. ದಾಖಲೆಯಲ್ಲಿದ್ದ ಗ್ರೀನ್‌ವಿಚ್ ಸಮಯಕ್ಕೆ ಐದೂವರೆ ಗಂಟೆ ಕೂಡಿಸಿ, ಮೇಡಂಗೆ ತೊಂದರೆಯಾಗದಿರಲೆಂದು ನಮ್ಮ ಗಂಟೆಗೆ ತಿರುಗಿಸಿಯೂ ಕೊಟ್ಟ. ಸೇವೆ ಎಂದರೆ ಹಾಗಿರಬೇಕು.

ನಾಲ್ಕು ದಿನ ಬಿಟ್ಟು ಕಲಾವತಿ ಮತ್ತೆ ಬಂದರು. ಬಾಲರಾಜು ಎದುರಿಗೇ ಕೂತಿದ್ದರು. ಪಟ್ಟಿಯ ಪ್ರತಿ ಸಾಲಿನ ಪಕ್ಕ ಆಕೆ ಪೆನ್ಸಿಲಿನಲ್ಲಿ ವಾರ ಬರೆದುಕೊಂಡಿದ್ದರು. ಸೋಮವಾರ ಏಳೂವರೆಯಿಂದ ಒಂಬತ್ತರೊಳಗೆ ಒಂದೂ ನೋಂದಣಿ ಇಲ್ಲ. ಮಂಗಳವಾರ ಮೂರರಿಂದ ನಾಲ್ಕೂವರೆ, ಇಲ್ಲ. ಶುಕ್ರವಾರ ಹತ್ತೂವರೆಯಿಂದ ಹನ್ನೆರಡು, ಅದೂ ಇಲ್ಲ. ಏಳು ವಾರವೂ ಹೀಗೇ ಓದಿ ಮುಗಿಸಿ, ಕನ್ನಡಕ ತೆಗೆದು ಕೇಳಿದರು: “ನಮ್ಮತ್ತೆ ರಾಹುಕಾಲದಲ್ಲಿ ಗ್ಯಾಸ್ ಬುಕ್ ಮಾಡೋಕೂ ಬಿಡಲ್ಲ ಕಣ್ರೀ. ಆದ್ರೆ ಮಾಸ್ಕೋದ ಇಗೋರು, ಮನಿಲಾದ ಪೆದ್ರೊ, ಅರವತ್ಮೂರು ಸಲದಲ್ಲಿ ಒಂದ್ಸಲಾನೂ ರಾಹುಕಾಲ ಮುಟ್ಟಿಲ್ವಲ್ಲ, ಯಾಕೆ?” ವರ್ಷವಿಡೀ ಎಲ್ಲ ಪ್ರಶ್ನೆಗೂ ಉತ್ತರ ಸಿದ್ಧ ಮಾಡಿಟ್ಟಿದ್ದ ನಂದಕುಮಾರ್ ಈ ಒಂದನ್ನು ಪ್ರಶ್ನೆಯೆಂದೇ ಎಣಿಸಿರಲಿಲ್ಲ. ಆದ್ದರಿಂದ ಯೋಚಿಸದೆ, ಗೊತ್ತಿರುವುದನ್ನೇ ಹೇಳಿಬಿಟ್ಟ: “ಆ ಹೊತ್ನಲ್ಲಿ ಯಾರ್ ಮೇಡಂ ಹೊಸ ಕೆಲ್ಸ ಶುರು ಮಾಡ್ತಾರೆ?”