ಅರುಂಧತಿಯವರ ಚರ್ಮದ ಬ್ಯಾಗು

ಸೋಮವಾರ ಬೆಳಿಗ್ಗೆ ಮದ್ದೂರು ಠಾಣೆಗೆ ಬಂದ ಮಳವಳ್ಳಿಯ ಸೌಮ್ಯ, ಕುರ್ಚಿ ತೋರಿಸಿದರೂ ಕೂರಲಿಲ್ಲ. ಅವಳ ಅತ್ತೆ ಅರುಂಧತಿ ನಿವೃತ್ತ ನರ್ಸು. 1978ರಲ್ಲಿ ಮೊದಲ ಸಂಬಳದಲ್ಲಿ ಅವರು ಕೊಂಡ ಚರ್ಮದ ಬ್ಯಾಗಿನ ಹಿಡಿ ಕಿತ್ತುಬಂದಿತ್ತು. ಸೌಮ್ಯ ಅದನ್ನು ಮದ್ದೂರಿನ ಯತೀಶನ ಬ್ಯಾಗಂಗಡಿಯಲ್ಲಿ ಹೊಲಿಯಲು ಕೊಟ್ಟಳು. ಮನೆಗೆ ಬಂದದ್ದು ಬೇರೆ ಬ್ಯಾಗು.

"ಅಳೇ ಬ್ಯಾಗಿಗೆ ಈಗ ಬೆಲೆ ಐತಂತೆ, ನೀನೇ ಮಾರ್ಕಂಡಿದ್ದೀಯ ಅಂತಾರೆ ನಮ್ಮತ್ತೆ, ಮೇಡಂ. ನನ್ ಕೈನೀರೂ ಮುಟ್ಟಲ್ಲ."

ಸಬ್ ಇನ್‌ಸ್ಪೆಕ್ಟರ್ ದೀಪಿಕ ಎಫ್‌ಐಆರ್ ದಾಖಲಿಸಿದರು. ಬ್ಯಾಗಿಗಿಂತ ಈ ಹುಡುಗಿಯ ಮರ್ಯಾದೆಯೇ ಅವರಿಗೆ ದೊಡ್ಡದಾಗಿ ಕಂಡಿತು.

ದೀಪಿಕ ಆ ಬ್ಯಾಗನ್ನು ಅಂಗಡಿಗೆ ಒಯ್ದು ಮುಂದಿಟ್ಟರೂ ಯತೀಶ ಅಳುಕಲಿಲ್ಲ. ಸೌಮ್ಯ ತಂದುಕೊಟ್ಟ ಬ್ಯಾಗು ಇದೇ ಎಂದ. ಬುಡದ ಹೊಲಿಗೆ ಹೊಸ ನೈಲಾನ್ ದಾರದ್ದಲ್ಲವೇ ಎಂದು ದೀಪಿಕ ಕೇಳಿದರು. ಅದನ್ನೂ ತಾನೇ ಬಿಗಿಮಾಡಿದೆ ಎಂದ. ಜಿಪ್ಪಿನ ಹಲ್ಲು ಹೊಳೆಯುತ್ತಿದೆಯಲ್ಲ ಎಂದರೆ, ಅದನ್ನೂ ಬದಲಿಸಿದೆ ಎಂದ. ಎಲ್ಲದಕ್ಕೂ ಉತ್ತರವಿತ್ತು.

"ಹಾಗಾದ್ರೆ ಇದು ಹಳೇದು ಅನ್ನೋಕೆ ಏನು ಗುರುತು?"

"ಈ ಸಂದು ನೋಡಿ ಮೇಡಂ. ವರ್ಸ ವರ್ಸ ಆಯುಧಪೂಜೇಲಿ ಅವ್ರು ಇಟ್ಟಿರೋ ಕುಂಕುಮ. ನಾನು ತಗಂಡಾಗ್ಲೇ ಇತ್ತು."

ಪೇದೆ ಶಿವರಾಮು ಅದನ್ನೇ ಹೇಳಿಕೆಯಲ್ಲಿ ಬರೆದು ಸಹಿ ಹಾಕಿಸಿಕೊಂಡರು. ಮಧ್ಯಾಹ್ನ ಇಬ್ಬರೂ ಮಳವಳ್ಳಿಗೆ ಹೋದರು. ಅರುಂಧತಿಯವರ ಪಡಸಾಲೆಯಲ್ಲಿ ಬುದ್ಧ, ಅಂಬೇಡ್ಕರರ ಪಟಗಳಿದ್ದವು. ದೀಪಿಕ ಆಯುಧಪೂಜೆಯ ಮಾತೆತ್ತಿದರು.

"ನಮ್ಮಪ್ಪನ ಕಾಲದಿಂದ್ಲೂ ನಮ್ಮನೇಲಿ ಆ ಪೂಜೆ ಇಲ್ಲ ಕಣಮ್ಮ. ಬ್ಯಾಗಿಗೆ ಯಾವತ್ತೂ ಕುಂಕುಮ ಸೋಕಿಲ್ಲ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮದ್ದೂರಿಗೆ ಮರಳಿ ಅವನದೇ ಹೇಳಿಕೆ ಓದಿ, ಅರುಂಧತಿಯವರ ಮಾತು ತಿಳಿಸಿದ ಕೂಡಲೇ ಯತೀಶ ತಪ್ಪೊಪ್ಪಿಕೊಂಡ. ಹೊಸ ಬ್ಯಾಗನ್ನು ಉಜ್ಜಿ ಸವೆಸಿ, ತನ್ನ ಮನೆಯ ಪದ್ಧತಿಯೇ ಎಲ್ಲರ ಮನೆಯದೂ ಎಂದುಕೊಂಡು ಅವನೇ ಕುಂಕುಮ ತುಂಬಿದ್ದ. ಹೊಳಲು ಗ್ರಾಮದ ಅವನ ಮನೆಯ ಬೀರುವಿನಲ್ಲಿ ನಿಜವಾದ ಬ್ಯಾಗು ಸಿಕ್ಕಿತು. ಪಂಚರ ಮುಂದೆ ಮಹಜರು ಮಾಡಿ ಅವನನ್ನು ಬಂಧಿಸಿದರು.

ಯಾಕೆ ಮಾರಲಿಲ್ಲ ಎಂದು ದೀಪಿಕ ಕೇಳಿದರು. ಹೊಸದನ್ನು ಹಳೆಯದೆಂದು ಮಾರುವವನು ಎಂದು ಊರೆಲ್ಲ ಆಡಿಕೊಳ್ಳುತ್ತಿತ್ತಂತೆ; ನಿಜವಾದ ಹಳೆಯದೊಂದು ತನ್ನದಾಗಿರಲಿ ಎನ್ನಿಸಿತಂತೆ. ಅವರಿಗೆ ಅಯ್ಯೋ ಎನ್ನಿಸಿತು. ಆದರೆ ಅದಕ್ಕೆ ಸೌಮ್ಯ ಕಳ್ಳಿಯಾಗಬೇಕಿತ್ತೇ?

ಕೋರ್ಟಿನ ಅಪ್ಪಣೆಯಾಗುವವರೆಗೂ ಬ್ಯಾಗು ಠಾಣೆಯಲ್ಲೇ ಇರುತ್ತದೆ ಎಂದು, ಅದನ್ನು ಗುರುತಿಸಲು ಸೌಮ್ಯಳೊಂದಿಗೆ ಬಂದಿದ್ದ ಅರುಂಧತಿಯವರಿಗೆ ದೀಪಿಕ ತಿಳಿಸಿದರು. ಅವರು ಅದರ ಕಡೆ ಒಮ್ಮೆ ನೋಡಿದರಷ್ಟೇ.

"ಅದು ಇರ್ಲಿ ಬುಡಮ್ಮ," ಎಂದವರು ಸೊಸೆಯತ್ತ ತಿರುಗಿದರು. "ಬಾಯಿ ಒಣಗೈತೆ ಸೌಮ್ಯ, ಒಂದ್ಲೋಟ ನೀರು ಕೊಡವ್ವ."