ಅರಿಶಿನ ಹಚ್ಚಿದ ರಿಪೋರ್ಟ್

"ಯಾರಲೇ ಅದು! ಪಾಠ ನಡದೈತಿ, ಮೈಕ್ ಬಂದ್ ಮಾಡು!"

ಸೊಂಟಕ್ಕೆ ಸೆರಗು ಸಿಗಿಸಿ ಕಮಲಾಪುರದ ಶಾಲೆಯ ಗೇಟಿನಲ್ಲಿ ನಿಂತಳು ಹೇಮಾ ಟೀಚರ್. ಎದುರಿಗೆ ಮೈಕ್ ಕಟ್ಟಿದ ಆಟೋ. ಒಳಗಿನಿಂದ ಮೊದಲು ಒಂದು ಕಾಲು ಇಳಿಯಿತು. ಆಮೇಲೆ ಕಪ್ಪು ಕನ್ನಡಕ. ಕೊನೆಗೆ ಊರೂರು ಮೈಕ್ ಕೂಗುವ ಮಾರುತೇಶ್!

"ಹೆಡ್‌ಮಾಸ್ತರು ಕರೆಸ್ಯಾರ್ರಿ. ಏನ್ ಕೂಗ್ಬೇಕು ಹೇಳ್ರಿ ಟೀಚರ್, ಹಂಪಿ ಕಲ್ಲೂ ಎದ್ದು ಬರ್ತಾವು!"

ಮಕ್ಕಳು ಶಿಳ್ಳೆ ಹಾಕಿದರು. ಹೇಮಾಗೆ ಸಿಟ್ಟು... ಅದರ ಹಿಂದೆಯೇ ನಗು.

ಕೂಗಬೇಕಾದ ವಿಷಯ ನಗುವಂಥದ್ದಲ್ಲ. ಐದನೇ ಕ್ಲಾಸಿನ ಸುನಿತಾಗೆ ಥಲಸ್ಸೇಮಿಯಾ, ಹುಟ್ಟಿನಿಂದಲೇ ಬಂದ ರಕ್ತದ ಕಾಯಿಲೆ. ಇಪ್ಪತ್ತು ದಿನಕ್ಕೊಮ್ಮೆ ಬೇರೆಯವರ ರಕ್ತ ಏರಿಸಿದರಷ್ಟೇ ಅವಳಿಗೆ ಆಟ, ಪಾಠ. ಅವಳ ಔಷಧಿಗಾಗಿ ಮಕ್ಕಳು ಮನೆಯ ಬಾಳೆಗೊನೆ ತಂದು ಹಂಪಿ ರಸ್ತೆಯಲ್ಲಿ ಮಾರುತ್ತಿದ್ದರು. ಗಂಡ ಹೆಂಡತಿ ಇಬ್ಬರ ರಕ್ತದಲ್ಲೂ ದೋಷ ಅಡಗಿದ್ದರೆ ಮಗುವಿಗೆ ಈ ಕಾಯಿಲೆ ಬರಬಹುದು. ಒಬ್ಬರಲ್ಲಿ ಮಾತ್ರ ಇದ್ದರೆ ಬರದು. ಮದುವೆಗೆ ಮೊದಲೇ ಅದು ತಿಳಿಯಲೆಂದು ಶಾಲೆಯಲ್ಲಿ ರಕ್ತ ಪರೀಕ್ಷೆಯ ಕ್ಯಾಂಪ್.

ಎರಡು ವಾರ ಮಾರುತೇಶ್ ಕೂಗಿದ. "ಜಾತಕ ಆಮ್ಯಾಲೆ ನೋಡ್ರಿ! ಮೊದ್ಲು ರಕ್ತ ನೋಡಿಸ್ರಿ!" ದಿನಾ ಸಂಜೆ ಗೇಟಿನ ಬಳಿ ಒಂದು ಚಹಾ, ನಾಲ್ಕು ಡೈಲಾಗ್. ಆ ಆಟೋ ಸದ್ದು ಕೇಳದಿದ್ದರೆ ಹೇಮಾಗೆ ಸಂಜೆಯೇ ಆಗುತ್ತಿರಲಿಲ್ಲ.

ಒಂದು ದಿನ ಅವಳೇ ಮುಖ ತಿರುಗಿಸಿದಳು. "ಇನ್ಮ್ಯಾಲೆ ಚಹಾಕ್ಕ ಬರಬ್ಯಾಡ್ರಿ."

"ಮೈಕ್ ಕೂಗೋನು ಟೀಚರಿಗೆ ಸಾಟಿ ಅಲ್ಲ. ಹಂಗ ಹೇಳ್ರಿ!"

ಅವಳು ಬ್ಯಾಗನ್ನು ಎದೆಗೊತ್ತಿಕೊಂಡು ಒಳಗೆ ನಡೆದಳು. ಊರಿಗೆ ಧೈರ್ಯ ಬರಲೆಂದು ತಾನೇ ಮೊದಲು ಮಾಡಿಸಿಕೊಂಡ ಪರೀಕ್ಷೆಯ ಕಾಗದ ಬ್ಯಾಗಿನಲ್ಲಿತ್ತು. 'ಕ್ಯಾರಿಯರ್.' ಆ ದೋಷ ಅವಳ ರಕ್ತದಲ್ಲೂ ಅಡಗಿತ್ತು.

'ಅವನಿಗೂ ಇದ್ದರೆ? ನಮಗೂ ಒಂದು ಸುನಿತಾ...'

ಕ್ಯಾಂಪಿನ ದಿನ ಬಂತು. ನರ್ಸ್ ಇದ್ದರು, ಸೂಜಿ ಇತ್ತು, ಕುರ್ಚಿ ಖಾಲಿ. ಊರೆಲ್ಲ ಗೇಟಿನಾಚೆ.

"ರಿಪೋರ್ಟಿನ್ಯಾಗ ಏನಾರ ಬಂದ್ರ ನಮ್ಮ ಹುಡುಗ್ಯಾರ್ನ ಯಾರ್ ಮಾಡ್ಕೋತಾರ?" ಅಂದಳು ಬಿಸಿಯೂಟದ ಎರ್ರಮ್ಮ.

ಸುನಿತಾ ಕಿಟಕಿಯಿಂದ ನೋಡುತ್ತಿದ್ದಳು. ಹೇಮಾ ನೇರ ಆಟೋ ಬಳಿ ಹೋಗಿ ಮಾರುತೇಶನ ಕೈಯಿಂದ ಮೈಕ್ ಕಿತ್ತುಕೊಂಡಳು.

"ನನ್ನ ರಕ್ತದಾಗ ಅದು ಐತ್ರಿ! ನಾನು ಕ್ಯಾರಿಯರ್. ಗಟ್ಟಿಮುಟ್ಟಾಗೇ ಅದೀನಿ. ಇದು ನಾಚಿಕಿ ಅಲ್ಲ. ಗೊತ್ತಿಲ್ದಂಗ ಇರೋದೇ ಅಪಾಯ!"

ಬಾಳೆತೋಟದ ತನಕ ಕೇಳಿತು. ಮಾರುತೇಶನಿಗೆ ಮೊದಲ ಸಲ ಡೈಲಾಗ್ ಮರೆತುಹೋಯಿತು.

ಎರ್ರಮ್ಮ ಬಳೆ ಮೇಲೆ ಸರಿಸಿದಳು. "ತಗೋರವ್ವ ನಂದು. ಮದುವಿ ಆಗಿ ನಲವತ್ತು ವರ್ಷ ಆತು, ಇನ್ಯಾವ ವರ ಬ್ಯಾಡ ಅಂತಾನ!"

ನಗು ಸಿಡಿಯಿತು. ಗೇಟು ತೆರೆಯಿತು. ಬಾಳೆ ಕಡಿಯುವವರು, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಶಿಫ್ಟ್ ಮುಗಿಸಿ ಯೂನಿಫಾರ್ಮಿನಲ್ಲೇ ಬಂದವರು, ನಿಶ್ಚಿತಾರ್ಥವಾದ ಜೋಡಿ... ಸಾಲು ಕಾಂಪೌಂಡ್ ಸುತ್ತಿ ರಸ್ತೆ ತಿರುವಿನಲ್ಲಿ ಮರೆಯಾಯಿತು. ಹೇಮಾಳ ಮೈ ಜುಮ್ಮೆಂದಿತು. 'ಒಂದು ಮಗುವನ್ನು ನೋಡಿ... ಇಷ್ಟೊಂದು ಕೈಗಳಾ!'

ಸಾಲಿನ ಕೊನೆಯಲ್ಲಿ, ಸೂಜಿಗೆ ಹೆದರಿ ಕಣ್ಣು ಮುಚ್ಚಿದ ಮಾರುತೇಶ್.

ವಾರ ಕಳೆದು ಗೇಟಿಗೆ ಬಂದ. ಕೈಯಲ್ಲಿ ನಾಲ್ಕು ಮೂಲೆಗೆ ಅರಿಶಿನ ಹಚ್ಚಿದ ಲಕೋಟೆ.

"ನನ್ನ ಜಾತಕ ತಂದೀನ್ರಿ. ಇನ್ನೂ ಒಡದಿಲ್ಲ."

"ನಿಮಗೂ ಇದ್ರ?"

"ಇಬ್ರೂ ಕೂಡಿ ಡಾಕ್ಟ್ರನ್ನ ಕೇಳೋಣು. ನೀವು ಒಬ್ರೇ ಅಳೋದು ಬ್ಯಾಡ."

ಅದು ಡೈಲಾಗ್ ಅಲ್ಲ ಅಂತ ಅವಳಿಗೆ ಗೊತ್ತಾಯಿತು.

"ಒಡಿಯೋಕಿಂತ ಮುಂಚೇನ ಹೇಳ್ತೀನಿ... ಹೂಂ."

ಲಕೋಟೆ ಒಡೆದಳು. ಓದಿದಳು. ಕಣ್ಣು ತುಂಬಿತು.

"ಏನೈತ್ರಿ? ಟೀಚರ್... ಜಲ್ದಿ ಹೇಳ್ರಿ!"

"ನಾರ್ಮಲ್!"

"ಮೈಕ್ ಹಚ್ಚಲೇನ್ರಿ?"

"ಬ್ಯಾಡ." ಅವಳು ಅವನ ತೋಳು ಹಿಡಿದಳು. "ಇದೊಂದು ಮೆಲ್ಲಗ ಹೇಳ್ರಿ... ನನಗಷ್ಟ."